ಗಡಿಗೆ ನೀರು ತಣ್ಣಗಾಗದ ದಿನ

ಮೇ ತಿಂಗಳ ಮಧ್ಯಾಹ್ನ ಎರಡೂವರೆ ಗಂಟೆ. ಸಿಂಧನೂರು ತಾಲ್ಲೂಕಿನ ಸಾಲಗುಂದದ ತಗಡಿನ ಮನೆಯೊಂದರ ಪಡಸಾಲೆಯಲ್ಲಿ ಜ್ವರ ಬಂದ ಹುಡುಗನೊಬ್ಬ ಚಾಪೆ ಮೇಲೆ ಮಲಗಿದ್ದ. ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. ಸ್ಕೂಟಿಯ ಡಿಕ್ಕಿಯಲ್ಲಿ ಬೆಳಗಿನಿಂದ ಬೇಯುತ್ತಿದ್ದ ಚೀಲದಿಂದ ಡಿಜಿಟಲ್ ಥರ್ಮಾಮೀಟರ್ ತೆಗೆದು ಗುಂಡಿ ಒತ್ತಿದರು. ಹುಡುಗನ ಕಂಕುಳಿಗೆ ಇಡುವ ಮೊದಲೇ ಪರದೆಯ ಮೇಲೆ ‘ಎಚ್’ ಎಂಬ ಒಂಟಿ ಅಕ್ಷರ ಬಂದು ಕೂತಿತು.

“ಇವನಿಗಿಂತ ಮೊದ್ಲ ಇದಕ್ಕ ಜ್ವರ ಬಂದೈತಿ ನೋಡಪ್ಪ” ಎಂದು ನಕ್ಕ ಅತ್ತಿಗೆ, ಮೂಲೆಯಲ್ಲಿದ್ದ ಗಡಿಗೆಯ ಒದ್ದೆ ಮೈಗೆ ಅದರ ತುದಿ ತಾಗಿಸಿ ಸ್ವಲ್ಪ ಹೊತ್ತು ಹಿಡಿದರು. ಆಮೇಲೆ ಒರೆಸಿ ಇಟ್ಟಾಗ ಹುಡುಗನ ಜ್ವರ ತೋರಿಸಿತು. ಫ್ಯಾರನ್‌ಹೀಟಿನಲ್ಲಿ 101.

ಇಂಥ ಥರ್ಮಾಮೀಟರುಗಳು ಸಾಮಾನ್ಯವಾಗಿ 32ರಿಂದ 42.9 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಅಂಕಿ ತೋರಿಸುತ್ತವೆ. ಮೇಲೆ ಹೋದರೆ ‘ಎಚ್’, ಅಂದರೆ ‘ಹೈ’ ಎಂದು ಕೈಚೆಲ್ಲುತ್ತವೆ. ತಯಾರಿಸಿದವರದೇನೂ ತಪ್ಪಿಲ್ಲ. 43 ಡಿಗ್ರಿಯ ಮನುಷ್ಯನನ್ನು ಅಳೆಯುವ ಪ್ರಸಂಗ ಬರುವುದೇ ಅಪರೂಪ. ಮೇ ತಿಂಗಳಲ್ಲಿ ಸಿಂಧನೂರು ತಾಲ್ಲೂಕಿನ ಸ್ಕೂಟಿ ಡಿಕ್ಕಿಯೊಳಗೆ ಅದನ್ನು ಇಡುತ್ತಾರೆಂದು ಅವರಿಗೆ ಯಾರು ಹೇಳಬೇಕು? ರಾಯಚೂರು ಸೀಮೆಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವು ನಗೆಯಾಡುತ್ತೇವೆ. ಪರ ಊರಿನಿಂದ ವರ್ಗವಾಗಿ ಬಂದ ನೌಕರರು ಮೊದಲ ವರ್ಷ ಇದನ್ನು ಕೇಳಿ ನಗುತ್ತಾರೆ. ಎರಡನೇ ವರ್ಷ ನಗುವುದಿಲ್ಲ.

ಆ ‘ಎಚ್’ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಜ್ವರ ಅಳೆಯುವ ಕಡ್ಡಿಯ ತುದಿಯಲ್ಲಿ ಇರುವುದು ಒಂದು ಅರೆವಾಹಕ. ಅಂದರೆ ಮೊಬೈಲು, ಸೋಲಾರ್ ಪ್ಯಾನಲ್, ಪಂಪ್‌ಸೆಟ್ಟಿನ ಕಂಟ್ರೋಲರ್ ಇವುಗಳ ಹೊಟ್ಟೆಯಲ್ಲಿರುವ ವಸ್ತುವಿನ ದೂರದ ದಾಯಾದಿ. ಬಿಸಿಯಾದರೆ ಅದು ಬದಲಾಗುತ್ತದೆ, ಆ ಬದಲಾವಣೆಯನ್ನೇ ನಾವು ಜ್ವರ ಎಂದು ಓದುತ್ತೇವೆ. ಬಿಸಿಲು ಯಂತ್ರಕ್ಕೆ ಏನು ಮಾಡುತ್ತದೆ, ಮೈಗೆ ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ.

ಹಗ್ಗ ಹರಿದ ಎಲೆಕ್ಟ್ರಾನು

ತಾಮ್ರದ ತಂತಿ ಬಿಸಿಯಾದರೆ ಅದರಲ್ಲಿ ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಒಂದೊಂದು ಡಿಗ್ರಿಗೂ ಅದರ ರೋಧ ಸುಮಾರು ಶೇ 0.4ರಷ್ಟು ಏರುತ್ತದೆ. ಸಂತೆಯ ದಿನ ನೂಕುನುಗ್ಗಲು ಹೆಚ್ಚಿದಷ್ಟೂ ನಡೆಯುವವನ ಕಾಲು ನಿಧಾನವಾಗುವುದಿಲ್ಲವೇ, ಹಾಗೆ. ಥರ್ಮಾಮೀಟರಿನ ತುದಿಯಲ್ಲಿ ಕೂತ ಮಣಿ ಇದಕ್ಕೆ ತದ್ವಿರುದ್ಧ. ಮ್ಯಾಂಗನೀಸ್, ನಿಕಲ್, ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡುಗಳನ್ನು ಬೆರೆಸಿ ಸುಟ್ಟು ಮಾಡಿದ ಆ ಮಣಿಯ ರೋಧ ಡಿಗ್ರಿಗೆ ಶೇ 3ರಿಂದ 4ರಷ್ಟು ಇಳಿಯುತ್ತದೆ. ಈ ಉಲ್ಟಾ ಸ್ವಭಾವವನ್ನು ಮೊದಲು ಗಮನಿಸಿ ಬರೆದಿಟ್ಟವನು ಮೈಕೆಲ್ ಫ್ಯಾರಡೆ, 1833ರಲ್ಲಿ. ಅವನ ಕೈಯಲ್ಲಿದ್ದದ್ದು ಬೆಳ್ಳಿಯ ಸಲ್ಫೈಡ್. ದೀಪದ ಮೇಲೆ ಹಿಡಿದು ಕಾಯಿಸಿದಷ್ಟೂ ಅದು ವಿದ್ಯುತ್ತನ್ನು ಹೆಚ್ಚು ಬಿಟ್ಟುಕೊಡುತ್ತಿತ್ತು. ಕಾರಣ ಅವನಿಗೆ ತಿಳಿಯಲಿಲ್ಲ. ತಿಳಿಯಲು ಮುಂದೆ ನೂರು ವರ್ಷವೇ ಬೇಕಾಯಿತು.

ಸಿಲಿಕಾನಿನಲ್ಲಿ ಪ್ರತಿ ಪರಮಾಣುವೂ ತನ್ನ ಎಲೆಕ್ಟ್ರಾನುಗಳನ್ನು ಅಕ್ಕಪಕ್ಕದವರ ಜೊತೆ ಹಂಚಿಕೊಂಡು ಬಿಗಿಯಾಗಿ ಕಟ್ಟಿಹಾಕಿರುತ್ತದೆ. ದನದ ಕೊಟ್ಟಿಗೆಯಲ್ಲಿ ಪ್ರತಿ ಗೂಟಕ್ಕೂ ಒಂದೊಂದು ದನ ಕಟ್ಟಿದಂತೆ. ತಣ್ಣಗಿರುವಾಗ ಹಗ್ಗ ಹರಿಯುವ ದನ ಇಲ್ಲವೆನ್ನುವಷ್ಟು ಕಡಿಮೆ. 27 ಡಿಗ್ರಿಯಲ್ಲಿ ಸುಮಾರು 5 ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಎಲೆಕ್ಟ್ರಾನು ಮಾತ್ರ ಬಿಚ್ಚಿಕೊಂಡು ಓಡಾಡುತ್ತದೆ. ಅಷ್ಟರಿಂದ ಕೆಲಸ ಸಾಗದೆಂದೇ ಕಾರ್ಖಾನೆಯಲ್ಲಿ ಚಿಟಿಕೆ ರಂಜಕವನ್ನೋ ಬೋರಾನನ್ನೋ ಬೆರೆಸುತ್ತಾರೆ. ಎಲ್ಲಿ ಎಷ್ಟು ಬೆರೆಸಿದೆ ಎಂಬುದರ ಮೇಲೆ ಚಿಪ್ಪಿನ ಇಡೀ ಬುದ್ಧಿ ನಿಂತಿದೆ. ಈ ಬಾಗಿಲು ತೆರೆ, ಆ ಬಾಗಿಲು ಮುಚ್ಚು ಎಂಬ ಲಕ್ಷಾಂತರ ಅಪ್ಪಣೆಗಳೆಲ್ಲ ಆ ಬೆರಕೆಯಿಂದಲೇ ನಡೆಯುವುದು.

ಕಾವು ಏರಿದರೆ ಹಗ್ಗಗಳು ತಾವಾಗಿ ಹರಿಯತೊಡಗುತ್ತವೆ. ಸಿಲಿಕಾನಿನಲ್ಲಿ ಹೀಗೆ ಬಿಚ್ಚಿಕೊಂಡ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುಕಡಿಮೆ ಹತ್ತು ಡಿಗ್ರಿಗೊಮ್ಮೆ ಇಮ್ಮಡಿಯಾಗುತ್ತದೆ. ಮುಚ್ಚಿದ ಬಾಗಿಲ ಸಂದಿಯಿಂದಲೂ ವಿದ್ಯುತ್ ಸೋರುತ್ತದೆ. ಸೋರಿದ ವಿದ್ಯುತ್ತು ಇನ್ನಷ್ಟು ಬಿಸಿ ಹುಟ್ಟಿಸುತ್ತದೆ, ಆ ಬಿಸಿಯಿಂದ ಇನ್ನಷ್ಟು ಸೋರಿಕೆ. ಬಿಸಿ ಹೊರಹೋಗುವ ದಾರಿ ಕಿರಿದಾಗಿದ್ದರೆ ಈ ಸುತ್ತು ನಿಲ್ಲುವುದಿಲ್ಲ. ಸಿಲಿಕಾನ್ ಕರಗುವುದು 1,414 ಡಿಗ್ರಿಯಲ್ಲಿ. ಆದರೆ ಹೆಚ್ಚಿನ ಸಿಲಿಕಾನ್ ಚಿಪ್ಪುಗಳ ಒಳಬಿಸಿಗೆ ಕಂಪನಿಗಳು ಹಾಕಿದ ಗೆರೆ 125ರಿಂದ 150 ಡಿಗ್ರಿ. ಸಿಂಧನೂರಿನ ಮೊಬೈಲ್ ರಿಪೇರಿ ಹುಡುಗ ಹಾಟ್ ಏರ್ ಗನ್ನಿನಿಂದ ಮುನ್ನೂರಕ್ಕೂ ಹೆಚ್ಚು ಡಿಗ್ರಿಯ ಗಾಳಿ ಬಿಟ್ಟು ಐಸಿ ಎಬ್ಬಿಸುವಾಗಲೂ ಸಿಲಿಕಾನಿಗೆ ಏನೂ ಆಗುವುದಿಲ್ಲ. ಕರೆಂಟು ಇಲ್ಲದಾಗ ಅದು ಬರೀ ಕಲ್ಲು. ಕರೆಂಟು ಹರಿಯುವಾಗ ಮಾತ್ರ ಅದಕ್ಕೆ ಬಿಸಿಲಿನ ಭಯ.

ಇನ್ನೊಂದು ಪೆಟ್ಟು ನಿಧಾನವಾದದ್ದು. ಹಗಲು ಬಿಸಿಯಾಗಿ ರಾತ್ರಿ ಆರುವಾಗ ಚಿಪ್ಪು, ತಾಮ್ರ, ಪ್ಲಾಸ್ಟಿಕ್ಕು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಸಿಲಿಕಾನಿಗಿಂತ ತಾಮ್ರ ಆರೇಳು ಪಟ್ಟು ಹೆಚ್ಚು ಹಿಗ್ಗುತ್ತದೆ. ದಿನಾ ಜಗಳವಾಡುವ ಅಣ್ಣತಮ್ಮಂದಿರ ನಡುವಿನ ಗೋಡೆಯಂತೆ ಬೆಸುಗೆಯಲ್ಲಿ ಬಿರುಕು ಬೀಳುತ್ತದೆ. ರಿಪೇರಿ ಅಂಗಡಿಯ ಭಾಷೆಯಲ್ಲಿ ಇದು ‘ಡ್ರೈ ಸೋಲ್ಡರ್’. ಎಷ್ಟೋ ಚಿಪ್ಪುಗಳಲ್ಲಿ ಒಳಗಿನಿಂದ ಹೊರಗೆ ಸಂಪರ್ಕ ಕೊಡುವುದು ಕೂದಲಿಗಿಂತ ತೆಳುವಾದ ಚಿನ್ನದ ಎಳೆ. ಚಿನ್ನದ ಮಾತು ಬಂದರೆ ನಮ್ಮ ಸೀಮೆಯವರು ಹಟ್ಟಿ ಚಿನ್ನದ ಗಣಿಯನ್ನು ಬಿಟ್ಟು ಮುಂದೆ ಹೋಗುವುದುಂಟೇ? ಹಟ್ಟಿ ಗಣಿಗೆ ಬಿಸಿಲಿನ ಕಥೆಯಲ್ಲಿ ಬೇರೆಯದೇ ಪಾತ್ರವಿದೆ. ಅದು ಆಮೇಲೆ.

ಕಾದ ಎಣ್ಣೆಯಲ್ಲಿ ಹಾಡು

ಮೊದಲ ಟ್ರಾನ್ಸಿಸ್ಟರು ಸಿಲಿಕಾನಿನದ್ದಲ್ಲ, ಜರ್ಮೇನಿಯಂನದ್ದು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಜರ್ಮೇನಿಯಂನಲ್ಲಿ ಎಲೆಕ್ಟ್ರಾನು ಕಟ್ಟಿದ ಹಗ್ಗ ಸಿಲಿಕಾನಿನದಕ್ಕಿಂತ ಸಡಿಲ. ಸಿಲಿಕಾನಿನಲ್ಲಿ ಹಗ್ಗ ಹರಿಯಲು 1.12 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕಾದರೆ ಜರ್ಮೇನಿಯಂನಲ್ಲಿ 0.66 ಸಾಕು. ಹಾಗಾಗಿ 75 ಡಿಗ್ರಿ ಹೊತ್ತಿಗೆ ಅದು ಸೋರಿ ಸೋರಿ ಕೆಲಸಕ್ಕೆ ಬಾರದಂತಾಗುತ್ತಿತ್ತು.

1954ರ ಮೇ ತಿಂಗಳಲ್ಲಿ ಅಮೆರಿಕದ ಡೇಟನ್ ಊರಿನ ಸಮ್ಮೇಳನವೊಂದರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಗಾರ್ಡನ್ ಟೀಲ್ ಒಂದು ಆಟ ತೋರಿಸಿದ. ಗ್ರಾಮಫೋನ್ ಹಾಡುತ್ತಿತ್ತು. ಅದಕ್ಕೆ ದನಿ ಕೊಡುತ್ತಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಕಾದ ಎಣ್ಣೆಯಲ್ಲಿ ಅದ್ದಿದ. ಹಾಡು ನಿಂತಿತು. ಅದರ ಜಾಗದಲ್ಲಿ ಸಿಲಿಕಾನ್ ಟ್ರಾನ್ಸಿಸ್ಟರು ಜೋಡಿಸಿ ಮತ್ತೆ ಅದ್ದಿದ. ಹಾಡು ನಿಲ್ಲಲಿಲ್ಲ. ಸಿಂಧನೂರು ಬಸ್ ನಿಲ್ದಾಣದ ಎದುರು ಮಿರ್ಚಿ ಕರಿಯುವ ಬಾಣಲೆ ನೋಡಿದಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ. ಸಭೆಯಲ್ಲಿ ಕೂತ ಎಂಜಿನಿಯರುಗಳು ಸಿಲಿಕಾನ್ ಟ್ರಾನ್ಸಿಸ್ಟರು ಬರಲು ಇನ್ನೂ ವರ್ಷಗಟ್ಟಲೆ ಬೇಕು ಎಂದು ಬೆಳಗಿನಿಂದ ಭಾಷಣ ಕೇಳಿ ಬೇಸತ್ತವರು. ಟೀಲ್ ಅದನ್ನು ಜೇಬಿನಿಂದ ತೆಗೆದು ತೋರಿಸಿದ್ದ.

ನಮ್ಮಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1962ರಲ್ಲಿ ಅರೆವಾಹಕ ತಯಾರಿಕೆಗೆ ಕೈಹಾಕಿದ್ದೂ ಜರ್ಮೇನಿಯಂನಿಂದಲೇ. ಬೆಂಗಳೂರಿನ ಆಗಿನ ಹವೆಗೆ ಅದು ಸರಿಹೋಗಿರಬೇಕು. ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟ ಟ್ರಾನ್ಸಿಸ್ಟರ್ ರೇಡಿಯೊ ಮಧ್ಯಾಹ್ನದ ವಾರ್ತೆ ಹೊತ್ತಿಗೆ ಗೊರಗೊರ ಎನ್ನುತ್ತಿತ್ತೆಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಬ್ಯಾಟರಿ ಹಳತಾಗಿದೆ ಎಂದು ಅವರು ಅದನ್ನು ಬಿಸಿಲಿಗೆ ಇಡುತ್ತಿದ್ದದ್ದು!

ಹಗ್ಗ ಇನ್ನೂ ಬಿಗಿಯಾಗಿರುವ ವಸ್ತುಗಳು ಈಗ ಬಂದಿವೆ. ಸಿಲಿಕಾನ್ ಕಾರ್ಬೈಡ್, ಗ್ಯಾಲಿಯಂ ನೈಟ್ರೈಡ್. ಎರಡರಲ್ಲೂ ಆ ಶಕ್ತಿ 3 ಎಲೆಕ್ಟ್ರಾನ್ ವೋಲ್ಟಿಗಿಂತ ಹೆಚ್ಚು. ಎಲೆಕ್ಟ್ರಿಕ್ ಕಾರಿನ ಇನ್ವರ್ಟರಿನಲ್ಲಿ, ಹೊಸ ಬಗೆಯ ಪುಟ್ಟ ಚಾರ್ಜರುಗಳಲ್ಲಿ ಇವು ಸೇರಿಕೊಂಡಿವೆ. ಮನುಷ್ಯನ ಮೈಗೆ ಇಂಥ ಹೊಸ ಮಾದರಿ ಇನ್ನೂ ಬಂದಿಲ್ಲ.

ಬಿಸಿಲು ಹೆಚ್ಚಾದರೆ ಸೋಲಾರ್ ಹೆಚ್ಚೇ?

ಬಿಸಿಲು ಜಾಸ್ತಿ, ಹಾಗಾಗಿ ಸೋಲಾರ್ ಪಂಪು ಮೇ ತಿಂಗಳಲ್ಲಿ ಜೋರಾಗಿ ನೀರೆತ್ತಬೇಕು ಎಂದು ನಂಬಿದ ರೈತರು ಬಹಳ. ಸಿಂಧನೂರಿನ ಪೂರ್ವಕ್ಕೆ, ನಾಲೆಯ ಕೊನೆಭಾಗದ ಹೊಲವೊಂದರಲ್ಲಿ ನನ್ನ ಸೋದರಮಾವ ಇದೇ ದೂರು ಹೇಳಿದರು. “ಚಳಿಗಾಲದಾಗ ದಬದಬ ಬೀಳ್ತಿತ್ತು, ಈಗ ಬಿಸಲು ಬೆಂಕಿ ಆಗೇತಿ, ನೀರು ಮಾತ್ರ ತೆಳ್ಳಗ. ಅಂತರ್ಜಲ ಇಳದೈತಿ ಅಂತಾರ. ಪೈಪಿನಾಗ ಏನರ ಸಿಕ್ಕೊಂಡೈತೇನೋ.” ಅಂತರ್ಜಲ ಇಳಿದದ್ದು ಹೌದು. ಜೊತೆಗೆ ಇನ್ನೊಂದು ಕಾರಣವಿತ್ತು. ಅದು ತಲೆಯ ಮೇಲೇ ಇತ್ತು.

ಪ್ಯಾನಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಅದರ ಮೇಲೆ ಅಚ್ಚು ಹಾಕಿರುವ ವ್ಯಾಟ್ ಲೆಕ್ಕ ಪ್ಯಾನಲ್ಲಿನ ಒಳಗೆ 25 ಡಿಗ್ರಿ ಇದ್ದಾಗಿನದು. ಬಿಸಿಲಿಗೆ ಮೈಯೊಡ್ಡಿದ ಪ್ಯಾನಲ್ಲು ಗಾಳಿಗಿಂತ ಸುಮಾರು 25ರಿಂದ 30 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಗಾಳಿ 42 ಇದ್ದರೆ ಪ್ಯಾನಲ್ 70 ಮುಟ್ಟುತ್ತದೆ. ಸಿಲಿಕಾನ್ ಕೋಶದ ವೋಲ್ಟೇಜು ಸುಮಾರು 0.6. ಡಿಗ್ರಿಗೆ ಎರಡು ಮಿಲಿವೋಲ್ಟಿನಂತೆ ಅದು ಜಾರುತ್ತ ಹೋಗುತ್ತದೆ. ಒಟ್ಟು ಶಕ್ತಿಯಲ್ಲಿ ಡಿಗ್ರಿಗೆ ಶೇ 0.3ರಿಂದ 0.45ರಷ್ಟು ನಷ್ಟ. 5 ಎಚ್‌ಪಿ ಪಂಪಿಗೆ 5,000 ವ್ಯಾಟಿನ ಪ್ಯಾನಲ್ ಹಾಕಿದ್ದೀರಿ ಎನ್ನಿ. ಶೇ 0.4 ಹಿಡಿದರೆ 70 ಡಿಗ್ರಿಯಲ್ಲಿ 900 ವ್ಯಾಟು ಕೈಬಿಟ್ಟು ಹೋಯಿತು. ಒಂದು ಎಚ್‌ಪಿಗಿಂತ ಹೆಚ್ಚು ಬರೀ ಕಾವಿಗೆ ಅರ್ಪಣೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿ ಪ್ಯಾನಲ್ಲುಗಳು ಒಂದೇ ಒಂದು ಡಿಗ್ರಿ ಹೆಚ್ಚು ಕಾದರೂ ಇದೇ ಲೆಕ್ಕದಲ್ಲಿ 8 ಮೆಗಾವ್ಯಾಟ್ ಖೋತಾ.

ಮಾವನ ಪಂಪಿನ ಕಂಟ್ರೋಲರ್ ಡಬ್ಬಿ ಪಡುವಣಕ್ಕೆ ಮುಖ ಮಾಡಿ ತೂಗುತ್ತಿತ್ತು. ಮಧ್ಯಾಹ್ನ ಮೂರರ ಬಿಸಿಲು ನೇರ ಅದರ ಮೇಲೆ. ಹಿಂದಿರುವ ಅಲ್ಯುಮಿನಿಯಂ ರೆಕ್ಕೆಗಳ ನಡುವೆ ಒಂದು ಗುಬ್ಬಿಗೂಡು, ಮೇಲೆ ಧೂಳು. ಆ ರೆಕ್ಕೆಗಳೇ ಹೀಟ್ ಸಿಂಕ್. ಒಳಗಿನ ಬಿಸಿ ಹೊರಹೋಗಲು ಅದಕ್ಕಿರುವುದು ಅದೊಂದೇ ದಾರಿ. ಗೂಡು ತೆಗೆದು, ಡಬ್ಬಿಯನ್ನು ಪ್ಯಾನಲ್ಲಿನ ನೆರಳಿಗೆ ಸರಿಸಿ, ಧೂಳು ಒರೆಸಿದೆವು. ಮಧ್ಯಾಹ್ನ ತಾನಾಗಿ ಕಟ್ ಆಗುತ್ತಿದ್ದ ಪಂಪು ಅಂದು ಕಟ್ ಆಗಲಿಲ್ಲ. ಮಾವ ಪ್ಯಾನಲ್ ತಣ್ಣಗಾಗಲಿ ಎಂದು ಸುಡುಬಿಸಿಲಲ್ಲಿ ಕೊಡ ನೀರು ಎರಚಲು ಹೊರಟರು, ತಡೆದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳು ಬಿಡಬಹುದು. ತೊಳೆಯುವುದೇನಿದ್ದರೂ ಹೊತ್ತು ಮೂಡುವ ಮುಂಚೆ.

ಮೊಬೈಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ ದಾರಿ ನೋಡುತ್ತಾ ಹೋದರೆ ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜು ನಿಲ್ಲುತ್ತದೆ, ಕೊನೆಗೆ ‘ನಾನು ಆರುವವರೆಗೆ ಕಾಯಿರಿ’ ಎಂಬರ್ಥದ ಸಂದೇಶ. ಆ್ಯಪಲ್ ಕಂಪನಿ ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಹವೆಯಲ್ಲಿ ಬಳಸಿ ಎನ್ನುತ್ತದೆ. ಆ ಮಾತು ಪಾಲಿಸಿದರೆ ರಾಯಚೂರು ಜಿಲ್ಲೆಯಲ್ಲಿ ಶಿವರಾತ್ರಿ ಮುಗಿದ ಮೇಲೆ ಮುಂಗಾರಿನವರೆಗೆ ಹಗಲು ಹೊತ್ತು ಫೋನ್ ಮುಟ್ಟುವಂತಿಲ್ಲ. ಆದರೆ ಇದರಲ್ಲಿ ಗಮನಿಸಬೇಕಾದದ್ದು ಬೇರೆ. ಫೋನಿನೊಳಗೂ ಅತ್ತಿಗೆಯ ಥರ್ಮಾಮೀಟರಿನಂಥದೇ ಉಷ್ಣಮಾಪಕಗಳಿವೆ. ಗೆರೆ ದಾಟುವ ಮೊದಲೇ ಚಿಪ್ಪು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಮಾಲೀಕ ಎಷ್ಟೇ ಅವಸರದಲ್ಲಿರಲಿ, ಅದು ಕೇಳುವುದಿಲ್ಲ.

ಗಾಳಿಗಿಂತ ತಣ್ಣಗಿರಬೇಕಾದ ಪ್ರಾಣಿ

ಇನ್ನು ಮೈಯ ವಿಚಾರ. ಚಿಪ್ಪಿಗೂ ಮೈಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಚಿಪ್ಪು ಸುತ್ತಲ ಗಾಳಿಗಿಂತ ಬಿಸಿಯಾಗಿದ್ದರೂ ನಡೆಯುತ್ತದೆ, ಬಿಸಿಯಾಗಿದ್ದರೆ ಮಾತ್ರ ಅದರ ಬಿಸಿ ಹೊರಗೆ ಹರಿಯುವುದು. ಮನುಷ್ಯ 42 ಡಿಗ್ರಿ ಗಾಳಿಯಲ್ಲಿ ನಿಂತು ಒಳಗೆ 37 ಇರಬೇಕು. ಬಿಸಿ ಹರಿಯುವ ಸಹಜ ದಿಕ್ಕಿಗೆ ಎದುರಾಗಿ ಈಜಿದಂತೆ ಇದು. ಚರ್ಮದ ಕಾವು ಸುಮಾರು 35 ಡಿಗ್ರಿ. ಗಾಳಿ ಅದನ್ನು ದಾಟಿದ ಕ್ಷಣದಿಂದ ಬೀಸಣಿಕೆಯ ಗಾಳಿಯೂ ಮೈಗೆ ಬಿಸಿಯನ್ನೇ ತಂದು ಹಾಕುತ್ತದೆ. ಉಳಿಯುವುದು ಒಂದೇ ಉಪಾಯ, ಬೆವರು.

ಸುಮ್ಮನೆ ಕೂತ ಮನುಷ್ಯ ಹೆಚ್ಚುಕಡಿಮೆ 100 ವ್ಯಾಟಿನ ಹಳೇ ಬಲ್ಬಿನಷ್ಟು ಬಿಸಿ ಹುಟ್ಟಿಸುತ್ತಾನೆ. ಎಪಿಎಂಸಿಯಲ್ಲಿ ಭತ್ತದ ಚೀಲ ಹೊರುವ ಹಮಾಲ 400 ವ್ಯಾಟಿನವರೆಗೂ ಹೋಗುತ್ತಾನೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಬಿಸಿ ಒಯ್ಯುತ್ತದೆ. ಹಮಾಲನ ಒಂದು ಗಂಟೆಯ ಬಿಸಿಗೆ ಅರ್ಧ ಲೀಟರಿಗಿಂತ ಹೆಚ್ಚು, ಮೇಲೆ ಬಿಸಿಲಿನದೂ ಸೇರಿಸಿದರೆ ಒಂದು ಲೀಟರಿನ ಹತ್ತಿರ ಬೆವರು ಬೇಕು. ಆವಿಯಾದರೆ ಮಾತ್ರ ಲೆಕ್ಕ. ಗದ್ದದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಬರೀ ನೀರು, ಉಪ್ಪಿನ ನಷ್ಟ.

ಆವಿಯಾಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೆ ನಮ್ಮ ಮನೆಗಳಲ್ಲಿ ಒಂದು ಯಂತ್ರ ಇದ್ದೇ ಇದೆ, ಮಣ್ಣಿನ ಗಡಿಗೆ. ಗಡಿಗೆಯ ಮೈ ಸಣ್ಣಗೆ ಜಿನುಗುತ್ತದೆ, ಜಿನುಗಿದ್ದು ಆವಿಯಾಗುತ್ತ ಒಳಗಿನ ಬಿಸಿ ಕೊಂಡೊಯ್ಯುತ್ತದೆ. ಹೊಲಕ್ಕೆ ಒಯ್ಯುವ ತತ್ರಾಣಿಯದೂ ಅದೇ ಕೆಲಸ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಬರುವ ಅಂಕಿಯನ್ನು ವಿಜ್ಞಾನಿಗಳು ಆರ್ದ್ರ ಉಷ್ಣಾಂಶ ಎನ್ನುತ್ತಾರೆ. ಗಡಿಗೆ ನೀರು ತಣ್ಣಗಾಗುವುದು ಆ ಅಂಕಿಯ ಕಡೆಗೇ, ಅದರ ಕೆಳಗೆ ಹೋಗಲಾರದು. ಮೈಯೂ ಅಷ್ಟೆ. ಒಣಹವೆಯಲ್ಲಿ 42 ಡಿಗ್ರಿ ಇದ್ದು ತೇವಾಂಶ ಶೇ 20 ಇದ್ದರೆ ಆರ್ದ್ರ ಉಷ್ಣಾಂಶ 23-24ರ ಆಸುಪಾಸು. ಗಡಿಗೆ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು, ಬೆವರು ಮೂಡಿದ್ದೇ ಗೊತ್ತಾಗದಂತೆ ಆರಿಹೋಗುತ್ತದೆ. 38 ಡಿಗ್ರಿ ಇದ್ದು ತೇವಾಂಶ ಶೇ 50 ಆದರೆ ಆರ್ದ್ರ ಉಷ್ಣಾಂಶ 29ರ ಹತ್ತಿರ. ಥರ್ಮಾಮೀಟರು ನಾಲ್ಕು ಡಿಗ್ರಿ ಇಳಿದಿದೆ, ಮೈಗೆ ಮಾತ್ರ ಸಂಕಟ ಹೆಚ್ಚಿದೆ. ಮೇ ಕೊನೆಯಲ್ಲಿ ಮೋಡ ಕಟ್ಟಿ ಮಳೆ ಬಾರದ ದಿನ “ಇವತ್ತು ಗಡಿಗ್ಯಾಗಿನ ನೀರ ತಣ್ಣಗಾಗಿಲ್ಲ” ಎಂದು ಅತ್ತಿಗೆ ಗೊಣಗುತ್ತಾರಲ್ಲ, ಅವರು ಗೊತ್ತಿಲ್ಲದೆ ಕೊಡುತ್ತಿರುವ ಹವಾಮಾನ ವರದಿ ಅದು. ಟಿವಿಯಲ್ಲಿ ಬರುವ ‘ಇಂದಿನ ಗರಿಷ್ಠ ಉಷ್ಣಾಂಶ’ಕ್ಕಿಂತ ಅದನ್ನೇ ನಾನು ನಂಬುತ್ತೇನೆ. ತುಂಗಭದ್ರಾ ಎಡದಂಡೆ ನಾಲೆ ಬಂದು ಭತ್ತದ ಗದ್ದೆ ಹಬ್ಬಿದ ಮೇಲೆ ನಮ್ಮ ಭಾಗದ ಹವೆ ಹಿಂದಿನ ಜೋಳದ ಹೊಲಗಳ ಒಣಹವೆಯಾಗಿ ಉಳಿದಿಲ್ಲ. ನೀರು ನಿಂತ ಗದ್ದೆಯ ನಡುವೆ ಬಗ್ಗಿ ದುಡಿಯುವವರ ಸುತ್ತ ತೇವಾಂಶ ಹೆಚ್ಚೇ.

ಹಟ್ಟಿಯ ಮಾತು ಈಗ. ಭೂಮಿಯೊಳಗೆ ಇಳಿದಷ್ಟೂ ಬಂಡೆ ಬಿಸಿ, ಕೊರೆಯುವಾಗ ಬಿಡುವ ನೀರಿನಿಂದ ಗಾಳಿ ತೇವ. ಬಿಸಿಲೇ ಇಲ್ಲದ ಬೇಸಿಗೆ ಅದು. ಗಣಿಯಾಳದಲ್ಲಿ ಮನುಷ್ಯ ಎಷ್ಟು ತಡೆಯಬಲ್ಲ ಎಂದು ಮೊದಲು ಅಳೆದವನು ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್. ಅವನು 1905ರಲ್ಲಿ ಬರೆದ ತೀರ್ಮಾನ, ಆರ್ದ್ರ ಉಷ್ಣಾಂಶ 31 ಡಿಗ್ರಿ ದಾಟಿದರೆ ಮೈಯೊಳಗಿನ ಕಾವು ಏರತೊಡಗುತ್ತದೆ. 2010ರಲ್ಲಿ ಶೆರ್ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ 35 ಡಿಗ್ರಿಯೇ ಮನುಷ್ಯನ ಕೊನೆ ಗೆರೆ ಎಂದರು. ಆದರೆ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಗಟ್ಟಿಮುಟ್ಟಾದ ಯುವಕ ಯುವತಿಯರನ್ನು ಬಿಸಿ ಕೋಣೆಯಲ್ಲಿ ಇರಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶ ಮತ್ತೆ 31ರ ಸುತ್ತಮುತ್ತಲೇ ಬಂದು ನಿಂತಿತು. ಗಣಿಗೆ ಇಳಿದು ಅಳೆದವನ ಅಂಕಿ ನೂರು ವರ್ಷದ ಮೇಲೂ ಅಲುಗಲಿಲ್ಲ.

ಆ ಗೆರೆ ದಾಟಿದರೆ ಮೈಯಲ್ಲೂ ಚಿಪ್ಪಿನಂಥದೇ ಸುತ್ತು ಶುರು. ಕಾವು ಒಂದು ಡಿಗ್ರಿ ಏರಿದರೆ ಜೀವಕೋಶಗಳ ಉರಿಯುವಿಕೆ ಶೇ 10ಕ್ಕಿಂತ ಹೆಚ್ಚುತ್ತದೆ, ಅದರಿಂದ ಇನ್ನಷ್ಟು ಬಿಸಿ. ಚರ್ಮವನ್ನು ತಣಿಸಲು ರಕ್ತವೆಲ್ಲ ಹೊರಗೆ ಓಡುತ್ತದೆ, ಕರುಳಿಗೆ ಕೊರತೆಯಾಗುತ್ತದೆ, ಕರುಳಿನ ಗೋಡೆ ಸಡಿಲಗೊಂಡು ಒಳಗಿನ ವಿಷ ರಕ್ತಕ್ಕೆ ಸೋರುತ್ತದೆ. 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿ ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ಆಡಿದರೆ ಅದು ಬಿಸಿಲಾಘಾತ. ಸಿಲಿಕಾನಿಗೆ ಸೊನ್ನೆಯ ಕೆಳಗಿನಿಂದ 125ರವರೆಗೆ ಅಂಗಳವಿದೆ. ನಮಗಿರುವುದು 37ರಿಂದ ಮೇಲೆ ಮೂರೇ ಮೂರು ಹೆಜ್ಜೆ.

ಇಲ್ಲಿ ಒಂದು ತಪ್ಪು ಮನೆಮನೆಯಲ್ಲೂ ಆಗುತ್ತದೆ. ಬಿಸಿಲು ಬಡಿದವನಿಗೆ ಜ್ವರದ ಗುಳಿಗೆ ನುಂಗಿಸುವುದು. ಸಾಲಗುಂದದ ಆ ಹುಡುಗನದು ಜ್ವರ. ಅವನ ಮೆದುಳೇ ಮೈಗಾವಿನ ಗುರಿಯನ್ನು 101 ಫ್ಯಾರನ್‌ಹೀಟಿಗೆ ಏರಿಸಿಕೊಂಡಿತ್ತು, ಪ್ಯಾರಾಸಿಟಮಾಲ್ ಆ ಗುರಿಯನ್ನು ಇಳಿಸುತ್ತದೆ. ಬಿಸಿಲಾಘಾತದಲ್ಲಿ ಗುರಿ 37 ಸೆಲ್ಸಿಯಸ್‌ನಲ್ಲೇ ಇದೆ, ಮೈಗೆ ಅಲ್ಲಿಗೆ ಇಳಿಯಲು ದಾರಿ ಇಲ್ಲ. ಗುಳಿಗೆಗೆ ಅಲ್ಲಿ ಕೆಲಸವೇ ಇಲ್ಲ. ನೆರಳಿಗೆ ಎಳೆದು, ಮೈತುಂಬ ನೀರು ಸುರಿದು, ಗಾಳಿ ಬೀಸುತ್ತ 108ಕ್ಕೆ ಫೋನ್ ಮಾಡಬೇಕು. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಪ್ರಜ್ಞೆ ಮಂಕಾದವನ ಬಾಯಿಗೆ ನೀರು ಹೊಯ್ಯಬಾರದು. ಬಿಸಿಲು ಬಡಿಯದಿರಲೆಂದು ಟೊಪ್ಪಿಗೆಯೊಳಗೆ ಉಳ್ಳಾಗಡ್ಡಿ ಇಟ್ಟುಕೊಳ್ಳುವುದರಿಂದ ಉಳ್ಳಾಗಡ್ಡಿ ಬಾಡುತ್ತದೆ, ಅಷ್ಟೆ. ಅದನ್ನು ಮಜ್ಜಿಗೆ, ಉಪ್ಪು, ಜೋಳದ ಅಂಬಲಿಯ ಜೊತೆ ತಿನ್ನುವುದು ಜಾಣತನ.

ಭತ್ತಕ್ಕೂ ಬಿಸಿಲಿನಿಂದ ಬಿಡುಗಡೆಯಿಲ್ಲ. ಮಧ್ಯಾಹ್ನಕ್ಕೆ ಮುಂಚೆ ಹೂ ಬಿಚ್ಚುವ ಆ ಒಂದೆರಡು ತಾಸು ಕಾವು 35 ದಾಟಿದರೆ ಪರಾಗ ಕೆಡುತ್ತದೆ, ತೆನೆಯಲ್ಲಿ ಜೊಳ್ಳು. ಎರಡನೇ ಬೆಳೆ ತಡವಾಗಿ ನಾಟಿ ಮಾಡಿದ ವರ್ಷ ಇದನ್ನು ನಮ್ಮ ರೈತರು ತೂಕದಲ್ಲಿ ಕಾಣುತ್ತಾರೆ.

ಚೀಲದ ಲೆಕ್ಕ

ಮೈಯಲ್ಲೂ ಫೋನಿನಂತೆ ವೇಗ ತಗ್ಗಿಸುವ ವ್ಯವಸ್ಥೆ ಇದೆ. ಅದರ ಹೆಸರು ಸುಸ್ತು. ಕಾಲು ಭಾರವಾಗುತ್ತದೆ, ಕೂರಬೇಕೆನಿಸುತ್ತದೆ, ತಲೆ ‘ಸಾಕು’ ಎನ್ನುತ್ತದೆ. ಒಂದೆರಡು ವಾರ ಬಿಸಿಲಿಗೆ ಒಗ್ಗಿಕೊಂಡರೆ ಮೈ ಬೇಗ ಬೆವರಲು, ಬೆವರಿನಲ್ಲಿ ಉಪ್ಪು ಉಳಿಸಲು ಕಲಿಯುತ್ತದೆ. ಆದರೆ ಅದಕ್ಕೆ ರಾತ್ರಿಯ ತಂಪು ಬೇಕು. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಅದು ಸಿಗುತ್ತಿತ್ತು. ತಗಡಿನ ಕೆಳಗೆ, ಹಗಲೆಲ್ಲ ಕಾದ ಆರ್‌ಸಿಸಿಯ ಕೆಳಗೆ ಸಿಗುವುದಿಲ್ಲ.

ನಮ್ಮ ಭಾಗದಲ್ಲಿ ಭತ್ತದ ವ್ಯಾಪಾರ ನಡೆಯುವುದು 75 ಕೆಜಿ ಚೀಲದಲ್ಲಿ. ಹಮಾಲಿ ಸಿಗುವುದು ಹೊತ್ತ ಚೀಲದ ಎಣಿಕೆಗೆ. ಕೊಯ್ಲು ಮುಗಿದು ಮಿಲ್ಲಿನ ಮುಂದೆ ಲಾರಿ ಸಾಲು ನಿಲ್ಲುವುದು ಏಪ್ರಿಲ್, ಮೇನಲ್ಲಿ. “ಕುಂತ್ರ ಚೀಲ ತಾನ ನಡಕೊಂಡು ಬರ್ತೈತೇನ್ರಿ?” ಎಂದು ಕೇಳಿದ ಹಮಾಲನೊಬ್ಬನಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಚಿಪ್ಪಿನ ಉಷ್ಣಮಾಪಕವನ್ನು ಯಾರೂ ದುಡ್ಡು ಕೊಟ್ಟು ಸುಮ್ಮನಾಗಿಸಲಾರರು. ಸುಸ್ತನ್ನು ಸುಮ್ಮನಾಗಿಸಬಹುದು, ಚೀಲಕ್ಕೆ ಇಷ್ಟು ಎಂದು ದರ ಕಟ್ಟಿದರೆ ಸಾಕು.

2024ರ ಮೇ ಮೊದಲ ವಾರ ಸಿಂಧನೂರು ತಾಲ್ಲೂಕಿನಲ್ಲಿ ಬಿಸಿಲಿಗೆ ಜನ ಸತ್ತರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿಸಿಲಿನ ಸಾವನ್ನು ಕಾಗದದ ಮೇಲೆ ಸಾಬೀತು ಮಾಡುವುದು ಕಷ್ಟ. ಮೈ ತಣ್ಣಗಾದ ಮೇಲೆ ಅದು ಎದೆನೋವು, ವಯಸ್ಸು, ಹಳೇ ಕಾಯಿಲೆ ಎಂದು ಬರೆಯಲ್ಪಡುತ್ತದೆ. ಸುಟ್ಟ ಕಂಟ್ರೋಲರನ್ನು ಬಿಚ್ಚಿದರೆ ಎಲ್ಲಿ ಸುಟ್ಟಿದೆ ಎಂದು ಮೆಕ್ಯಾನಿಕ್ ಬೆರಳಿಟ್ಟು ತೋರಿಸುತ್ತಾನೆ. ಅದಕ್ಕೆ ವಾರಂಟಿಯೂ ಉಂಟು.

ಸರ್ಕಾರಕ್ಕೆ ಈ ಸೀಮೆಯ ಬಿಸಿಲು ಗೊತ್ತಿಲ್ಲವೆಂದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ನರೇಗಾ ಕೆಲಸದಲ್ಲೂ ಕಲಬುರಗಿ, ಬೆಳಗಾವಿ ವಿಭಾಗಗಳಿಗೆ ಬೇಸಿಗೆಯಲ್ಲಿ ಶೇ 30ರವರೆಗೆ ಕೆಲಸದ ಅಳತೆ ತಗ್ಗಿಸಿ ಅದೇ ಕೂಲಿ ಕೊಟ್ಟದ್ದುಂಟು. ಈ ಎರಡೂ ಒಳ್ಳೆಯ ಆದೇಶಗಳು. ಆದರೆ ಅಕ್ಕಿಗಿರಣಿಯ ಅಂಗಳ, ಎಪಿಎಂಸಿಯ ಕಟ್ಟೆ, ಇಟ್ಟಿಗೆ ಭಟ್ಟಿ, ರಸ್ತೆಯ ಮೇಲೆ ಭತ್ತ ಹರವಿ ಕಾಲಲ್ಲಿ ಕೆದಕುವ ಹೆಂಗಸರು ಈ ಆದೇಶಗಳೊಳಗೆ ಬರುವುದಿಲ್ಲ. ಮಧ್ಯಾಹ್ನ 12ರಿಂದ 4ರವರೆಗೆ ಹಮಾಲಿ ನಿಲ್ಲಿಸಿ, ಆ ಹೊತ್ತಿನ ನಷ್ಟವನ್ನು ಚೀಲದ ದರದಲ್ಲಿ ತುಂಬಿಕೊಡಲು ವರ್ತಕರು ಮತ್ತು ಹಮಾಲರ ಸಂಘದವರು ಒಮ್ಮೆ ಕೂತು ಮಾತಾಡಿದರೆ ಸಾಕು, ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ಮೊನ್ನೆ ಎಪಿಎಂಸಿಗೆ ಹೋದಾಗ ತೂಕದ ಕಂಪ್ಯೂಟರ್ ಇಟ್ಟ ಕೋಣೆಯಲ್ಲಿ ಏಸಿ ನಡೆಯುತ್ತಿತ್ತು, ಯಂತ್ರ ಕೈಕೊಡಬಾರದೆಂದು. ಹೊರಗೆ ಹಮಾಲರ ಅರವಟಿಗೆಯ ಗಡಿಗೆ ಬಿಸಿಲಿನಲ್ಲಿತ್ತು. ಇದನ್ನು ಓದುವ ವರ್ತಕರು ಯಾರಾದರೂ ಇದ್ದರೆ, ನಾಳೆ ಬೆಳಿಗ್ಗೆ ಅದನ್ನು ನೆರಳಿಗೆ ಸರಿಸಿ.